ಫಾರ್ಮ್ಯಾಟ್ ಹೊಡೆಯುವ ಮುಂಚೆ: ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕುವ ಬಗೆ

ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಯಕ್ಷಗಾನದ ಕರಪತ್ರ, ವೈಕುಂಠ ಸಮಾರಾಧನೆಯ ಕಾರ್ಡು, ನಡುನಡುವೆ ಜೆರಾಕ್ಸ್. ಕಂಪ್ಯೂಟರ್ ರಿಪೇರಿ ನನ್ನ ಕಸುಬಲ್ಲ. ಆದರೆ ಮೇಜಿನ ಮೇಲೆ ಎರಡು ಕಂಪ್ಯೂಟರ್ ಇಟ್ಟುಕೊಂಡವರಿಗೆ ಅದರ ಒಳಗಿನದೂ ಗೊತ್ತಿರುತ್ತದೆ ಅಂತ ಊರಿನವರ ನಂಬಿಕೆ. ಹಳೇ ಲ್ಯಾಪ್‌ಟಾಪನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬಂದು, "ಒಂದ್ ಫಾರ್ಮ್ಯಾಟ್ ಹೊಡ್ದು ಕೊಡಿ" ಅನ್ನುತ್ತಾರೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಈ ಚೀಲಗಳು ಜಾಸ್ತಿಯಾದವು. ನನ್ನದೂ ಅದೇ ಕಥೆ. ಅಂಗಡಿಯ ಎರಡನೇ ಲ್ಯಾಪ್‌ಟಾಪಿನ ಪ್ರೊಸೆಸರ್ ಇಂಟೆಲ್ ಐ3 5005ಯು. ಆ ನಂಬರಿನ ಮೊದಲ ಅಂಕಿ ಇದೆಯಲ್ಲ, 5, ಅದೇ ಅದರ ತಲೆಮಾರು. ವಿಂಡೋಸ್ 11ಕ್ಕೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಇಂಟೆಲ್ ಬೇಕು, ಟಿಪಿಎಂ 2.0 ಅನ್ನುವ ಚಿಪ್ಪೂ ಬೇಕು. ನನ್ನ ಲ್ಯಾಪ್‌ಟಾಪು ಚೆನ್ನಾಗಿಯೇ ಓಡುತ್ತಿತ್ತು. ಕೀಲಿಗಳು ಗಟ್ಟಿ, ಪರದೆ ಗಟ್ಟಿ. ಬ್ಯಾಟರಿ ಮಾತ್ರ ಸತ್ತಿತ್ತು. ಅದನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ವಿಂಡೋಸ್ ಜಾಗದಲ್ಲಿ ಕೂರುವ, ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿದೆ. ಆಮೇಲೆ ಬೇರೆಯವರದ್ದೂ ಏಳೆಂಟು ಮಾಡಿದೆ. ಪ್ರತಿ ಸಲವೂ ಇನ್‌ಸ್ಟಾಲ್ ಆಗಲು ಹಿಡಿದದ್ದು ಹೆಚ್ಚೆಂದರೆ ಅರ್ಧ ಗಂಟೆ. ಅದರ ಹಿಂದಿನ ತಯಾರಿಗೂ ಆಮೇಲೆ ಕನ್ನಡ ಕೂರಿಸುವುದಕ್ಕೂ ಒಂದು ಇಡೀ ದಿನ. ಆ ಒಂದು ದಿನದ ಬಗ್ಗೆಯೇ ಇಲ್ಲಿ ಜಾಸ್ತಿ ಬರೆಯುತ್ತೇನೆ.

ಯಾರು ಹಾಕಬಾರದು ಅನ್ನುವುದು ಮೊದಲು. ನಿಮ್ಮ ಹೊಟ್ಟೆಪಾಡು ಪೇಜ್‌ಮೇಕರ್, ಕೋರೆಲ್‌ಡ್ರಾ, ಟ್ಯಾಲಿಯ ಮೇಲೆ ನಿಂತಿದ್ದರೆ ಆ ಕಂಪ್ಯೂಟರನ್ನು ಮುಟ್ಟಬೇಡಿ. ಇವು ಲಿನಕ್ಸ್‌ಗೆಂದು ಬರೆದವಲ್ಲ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸಲು ವೈನ್ ಅನ್ನುವ ಸೇತುವೆ ಇದೆ, ಕೆಲವು ದಾಟುತ್ತವೆ, ಕೆಲವು ಅರ್ಧದಲ್ಲಿ ಬೀಳುತ್ತವೆ. ನಾಳೆ ಬೆಳಗ್ಗೆ ಗ್ರಾಹಕರಿಗೆ ಕೊಡಬೇಕಾದ ಕೆಲಸವನ್ನು ಅಂಥ ಸೇತುವೆಯ ಮೇಲೆ ಇಡಬಾರದು ಅಲ್ವಾ? ನಾನೇ ಪೇಜ್‌ಮೇಕರ್ ಇರುವ ಮುಖ್ಯ ಕಂಪ್ಯೂಟರನ್ನು ವಿಂಡೋಸ್‌ನಲ್ಲೇ ಬಿಟ್ಟಿದ್ದೇನೆ. ವಿಂಡೋಸ್ 10 ಇಟ್ಟುಕೊಂಡವರಿಗೆ ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಇಟ್ಟಿದೆ, 2026ರ ಅಕ್ಟೋಬರ್ 13ರವರೆಗೆ. ಅದಕ್ಕೆ ಹೆಸರು ನೋಂದಾಯಿಸಿಕೊಳ್ಳಬೇಕು. ಬ್ರೌಸರ್, ಇಮೇಲ್, ಯೂಟ್ಯೂಬ್, ಬ್ಯಾಂಕಿನ ವೆಬ್‌ಸೈಟ್, ನಾಲ್ಕು ಕಾಗದ ಟೈಪ್ ಮಾಡುವುದು, ಇಷ್ಟೇ ಕೆಲಸ ಇದ್ದವರು ಮಾತ್ರ ಮುಂದೆ ಓದಿ.

ಮೊದಲು ಗಂಟುಮೂಟೆ

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಇವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಮಾಡಿ. ಡಿ ಡ್ರೈವ್ ಸುಮ್ನೆ ಅದರ ಪಾಡಿಗೆ ಇರುತ್ತದೆ ಅಂದುಕೊಳ್ಳಬೇಡಿ. ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಕೋಣೆಗಳು. ಡಿಸ್ಕ್ ಅಳಿಸಿದರೆ ಎರಡೂ ಹೋಗುತ್ತವೆ.

ಎಲ್ಲರೂ ಮರೆಯುವುದು ಫಾಂಟು. ವಿಂಡೋಸ್ ಫೋಲ್ಡರಿನ ಒಳಗೆ ಫಾಂಟ್ಸ್ ಅಂತ ಇನ್ನೊಂದು ಫೋಲ್ಡರ್ ಇರುತ್ತದೆ. ಅದರಲ್ಲಿ ನುಡಿ ಅಂತಲೋ ಬಿಆರ್‌ಎಚ್ (ಬರಹ ತಂತ್ರಾಂಶದವು) ಅಂತಲೋ ಶುರುವಾಗುವ ಕನ್ನಡ ಫಾಂಟುಗಳಿದ್ದರೆ ಅಷ್ಟನ್ನೂ ಪೆಂಡ್ರೈವಿಗೆ ಹಾಕಿಕೊಳ್ಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮನೆಯ ವೈಫೈ ಪಾಸ್‌ವರ್ಡ್ ಕೂಡ. ಅದನ್ನು ಹಾಕಿಕೊಟ್ಟ ಹುಡುಗ ಈಗ ಬೆಂಗಳೂರಿನಲ್ಲಿರುತ್ತಾನೆ, ಫೋನ್ ಎತ್ತುವುದಿಲ್ಲ.

ತಿರುಗುವ ಹಳೇ ಹಾರ್ಡ್‌ಡಿಸ್ಕ್ ಇದ್ದರೆ ಅದನ್ನು ತೆಗೆದು 256 ಜಿಬಿಯ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ, ಆಮೇಲೆ ಇನ್‌ಸ್ಟಾಲ್ ಮಾಡಿ. ಲಿನಕ್ಸ್‌ನಿಂದ ಬರುವ ವೇಗಕ್ಕಿಂತ ಇದರಿಂದ ಬರುವ ವೇಗವೇ ದೊಡ್ಡದು, ಸುಳ್ಳು ಹೇಳಬಾರದು. ಹಳೇ ಡಿಸ್ಕನ್ನು ಹಾಗೇ ಎತ್ತಿಟ್ಟರೆ ಅದೇ ನಿಮ್ಮ ಬ್ಯಾಕಪ್ಪೂ ಆಯಿತು.

ಇಳಿಸಿಕೊಳ್ಳುವುದು

ಲಿನಕ್ಸ್‌ಮಿಂಟ್ ಡಾಟ್ ಕಾಮ್ ಅಂತ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ. ಗೂಗಲ್‌ನಲ್ಲಿ ಹುಡುಕಿದರೆ ಮೇಲ್ಗಡೆ ಬರುವುದು ಕೆಲವೊಮ್ಮೆ ಜಾಹೀರಾತು. ಅಂಥ ಪುಟಗಳಲ್ಲಿ ದೊಡ್ಡದಾಗಿ ಹಸಿರು ಬಣ್ಣದಲ್ಲಿ ಡೌನ್‌ಲೋಡ್ ಅಂತ ಬರೆದ ಗುಂಡಿಗಳೇ ನಾಲ್ಕು ಇರುತ್ತವೆ, ನಾಲ್ಕೂ ನಿಮ್ಮದಲ್ಲ.

ಮಿಂಟ್‌ನಲ್ಲಿ ಮೂರು ಬಗೆ: ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. ಸಿನಮನ್ ನೋಡಲು ಚಂದ. 4 ಜಿಬಿ ರ‍್ಯಾಮ್ ಇರುವ ಹಳೇ ಯಂತ್ರಕ್ಕೆ ನಾನು ಎಕ್ಸ್‌ಎಫ್‌ಸಿಇ ಹಾಕುತ್ತೇನೆ, ಅದು ಹಗುರ. ಮಿಂಟ್‌ನವರ ಪ್ರಕಾರ ಕನಿಷ್ಠ 2 ಜಿಬಿ ರ‍್ಯಾಮ್, ಆರಾಮಾಗಿ ಓಡಲು 4. ಡಿಸ್ಕಿನಲ್ಲಿ ಕನಿಷ್ಠ 20 ಜಿಬಿ, ಆರಾಮಿಗೆ 100. ನಾನು ಹಾಕಿದ್ದು 22ರ ಸರಣಿ. ಇದಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ.

ಫೈಲು 3 ಜಿಬಿಯ ಹತ್ತಿರ. ಮೊಬೈಲಿನ ದಿನದ ಡೇಟಾ ಒಂದೂವರೆ ಜಿಬಿ ಇದ್ದವರಿಗೆ ಇದು ಎರಡು ದಿನದ ಕೆಲಸ. ಬ್ರೌಸರಿನಲ್ಲಿ ನೇರ ಇಳಿಸಿದರೆ ಮಧ್ಯದಲ್ಲಿ ಕರೆಂಟ್ ಹೋದಾಗ ಮತ್ತೆ ಸೊನ್ನೆಯಿಂದ ಶುರು ಆಗಬಹುದು. ಜುಲೈ ತಿಂಗಳ ನಮ್ಮೂರಿನಲ್ಲಿ ನನಗೆ ಎರಡು ಸಲ ಹಾಗಾಯಿತು. ಅದಕ್ಕೇ ಅವರು ಕೊಡುವ ಟೊರೆಂಟ್ ಕೊಂಡಿಯನ್ನು ಯಾವುದಾದರೂ ಟೊರೆಂಟ್ ತಂತ್ರಾಂಶದಲ್ಲಿ ತೆರೆದು ಬಳಸಿ. ಅದು ನಿಂತಲ್ಲಿಂದ ಮುಂದುವರಿಯುತ್ತದೆ, ತುಂಡು ತುಂಡಾಗಿ ಬಂದದ್ದು ಸರಿ ಇದೆಯೇ ಅಂತ ತಾನೇ ಪರೀಕ್ಷೆಯನ್ನೂ ಮಾಡಿಕೊಳ್ಳುತ್ತದೆ. ಟೊರೆಂಟ್ ಅಂದಕೂಡಲೇ ಕಳ್ಳ ಸಿನಿಮಾ ಅಂತ ಹೆದರಬೇಡಿ. ದಾರಿ ಅದೇ ಆದರೂ ಹೊತ್ತು ತರುತ್ತಿರುವ ಸಾಮಾನು ಬೇರೆ.

ಇಳಿಸಿದ ಮೇಲೆ ಒಂದು ತಾಳೆ ನೋಡಬೇಕು. ಡೌನ್‌ಲೋಡ್ ಪುಟದಲ್ಲಿ ಎಸ್‌ಎಚ್‌ಎ256ಸಮ್ ಅನ್ನುವ ಪುಟ್ಟ ಫೈಲಿನ ಕೊಂಡಿ ಇರುತ್ತದೆ, ಅದರೊಳಗೆ ನಿಮ್ಮ ಫೈಲಿನ ಹೆಸರಿನ ಪಕ್ಕ ಒಂದು ಉದ್ದ ಅಂಕಿ ಅಕ್ಷರಗಳ ಸಾಲು ಕೊಟ್ಟಿರುತ್ತಾರೆ. ನಿಮ್ಮ ವಿಂಡೋಸ್‌ನಲ್ಲಿ 7-ಜಿಪ್ ಇದ್ದರೆ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ಸಿಆರ್‌ಸಿ ಎಸ್‌ಎಚ್‌ಎ ಅನ್ನುವಲ್ಲಿಗೆ ಹೋಗಿ ಎಸ್‌ಎಚ್‌ಎ-256 ಒತ್ತಿ. ಬರುವ ಸಾಲೂ ಅಲ್ಲಿನ ಸಾಲೂ ಒಂದೇ ಇರಬೇಕು. ನಾನು ಮೊದಲ ಎಂಟು, ಕೊನೆಯ ಎಂಟು ಅಕ್ಷರ ನೋಡುತ್ತೇನೆ. ಇದು ಸುಮ್ನೆ ಶಾಸ್ತ್ರಕ್ಕಲ್ಲ. 2016ರ ಫೆಬ್ರವರಿ 20ರಂದು ಮಿಂಟ್‌ನ ವೆಬ್‌ಸೈಟಿಗೇ ಕಳ್ಳರು ನುಗ್ಗಿ, 17.3 ಸಿನಮನ್ ಇಳಿಸುವ ಕೊಂಡಿಯನ್ನು ತಮ್ಮ ಕಲಬೆರಕೆ ಫೈಲಿನ ಕಡೆ ತಿರುಗಿಸಿದ್ದರು. ಮಿಂಟ್‌ನವರೇ ಅದನ್ನು ಬಹಿರಂಗವಾಗಿ ಹೇಳಿಕೊಂಡರು, ತಾಳೆ ನೋಡುವುದು ಹೇಗೆ ಅಂತಲೂ ಹೇಳಿದರು.

ಪೆಂಡ್ರೈವ್ ಮಾಡುವುದು

8 ಜಿಬಿಯದ್ದು ಸಾಕು. ಫೈಲನ್ನು ಸುಮ್ಮನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ, ಅಂದರೆ ಅದರಿಂದ ಕಂಪ್ಯೂಟರ್ ಶುರುವಾಗುವುದಿಲ್ಲ, ರುಫಸ್ ಅನ್ನುವ ಪುಟ್ಟ ತಂತ್ರಾಂಶದಿಂದ ಬರೆಯಬೇಕು. ಅದರ ವಿಳಾಸ ರುಫಸ್ ಡಾಟ್ ಐಇ. ತೆರೆದರೆ ಒಂದೇ ಕಿಟಕಿ. ಮೇಲೆ ಡಿವೈಸ್, ಅಲ್ಲಿ ನಿಮ್ಮ ಪೆಂಡ್ರೈವ್. ಕೆಳಗೆ ಸೆಲೆಕ್ಟ್ ಒತ್ತಿ ಮಿಂಟ್ ಫೈಲನ್ನು ತೋರಿಸಿ. ಪಾರ್ಟಿಷನ್ ಸ್ಕೀಮ್ ಅನ್ನುವಲ್ಲಿ ಎಂಬಿಆರ್ ಇಡಿ, ಕಂಪ್ಯೂಟರನ್ನು ಶುರುಮಾಡುವ ಹಳೇ ವ್ಯವಸ್ಥೆ ಬಯೋಸ್‌ಗೂ ಹೊಸದಾದ ಯುಇಎಫ್‌ಐಗೂ ಆಗುತ್ತದೆ. ಸ್ಟಾರ್ಟ್ ಒತ್ತಿದರೆ ಐಎಸ್ಓ ಮೋಡೋ ಡಿಡಿ ಮೋಡೋ ಅಂತ ಕೇಳುತ್ತದೆ. ಶಿಫಾರಸು ಅಂತ ಬರೆದದ್ದಕ್ಕೇ ಸೈ ಅನ್ನಿ.

ಆಮೇಲೆ ಇನ್ನೊಂದು ಎಚ್ಚರಿಕೆ ಬರುತ್ತದೆ, ಈ ಪೆಂಡ್ರೈವಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ ಅಂತ. ಇದನ್ನು ನಾನು ಓದದೆ ಓಕೆ ಒತ್ತಿದವ. ಆವತ್ತು ಸಿಕ್ಕಿಸಿದ್ದು ಎರಡು ಪೆಂಡ್ರೈವ್, ಎರಡೂ 16 ಜಿಬಿ, ಎರಡೂ ಕಪ್ಪು. ಒಂದು ಖಾಲಿ. ಇನ್ನೊಂದರಲ್ಲಿ ಗ್ರಾಹಕರೊಬ್ಬರು ಆಲ್ಬಂ ಮಾಡಲು ಕೊಟ್ಟ ಉಪನಯನದ ಫೋಟೋ. ಯಾವುದಕ್ಕೆ ಮಿಂಟ್ ಬರೆದೆ ಅಂತ ನೀವೇ ಊಹಿಸಿ. ಅವರ ಫೋನಿನಲ್ಲಿ ಮೂಲ ಉಳಿದಿತ್ತು, ಬಚಾವಾದೆ. ಆವತ್ತಿನಿಂದ ಒಂದು ನಿಯಮ: ರುಫಸ್ ತೆರೆಯುವಾಗ ಕಂಪ್ಯೂಟರಿಗೆ ಒಂದೇ ಪೆಂಡ್ರೈವ್. ಬೇರೆ ಎಲ್ಲ ಕಿತ್ತು ಡ್ರಾಯರಿಗೆ.

ಅಳಿಸದೆ ಓಡಿಸಿ ನೋಡುವುದು

ಇದೇ ನನ್ನ ಮುಖ್ಯ ಮಾತು. ಪೆಂಡ್ರೈವಿನಿಂದ ಬೂಟ್ ಮಾಡಿದರೆ ಮಿಂಟ್ ಪೂರ್ತಿ ತೆರೆದುಕೊಳ್ಳುತ್ತದೆ, ನಿಮ್ಮ ಡಿಸ್ಕನ್ನು ಮುಟ್ಟುವುದಿಲ್ಲ. ಮದುವೆಗೆ ಮುಂಚೆ ಮನೆ ನೋಡಿಕೊಂಡು ಬಂದ ಹಾಗೆ. ಹೆಚ್ಚಿನವರು ಐದು ನಿಮಿಷ ನೋಡಿ, "ಚೆನ್ನಾಗಿದೆ" ಅಂದು ಇನ್‌ಸ್ಟಾಲ್ ಒತ್ತುತ್ತಾರೆ. ನಾನು ಅರ್ಧ ದಿನ ಓಡಿಸಿ ನೋಡಿ ಅನ್ನುತ್ತೇನೆ.

ಬೂಟ್ ಮಾಡಲು ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿ, ಪೆಂಡ್ರೈವ್ ಸಿಕ್ಕಿಸಿ, ಆನ್ ಮಾಡಿದ ಕೂಡಲೇ ಒಂದು ಕೀಲಿಯನ್ನು ಟಪಟಪ ಒತ್ತುತ್ತಿರಬೇಕು. ಡೆಲ್ ಮತ್ತು ಲೆನೊವೊದಲ್ಲಿ ಎಫ್12. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್9. ಏಸರ್‌ನಲ್ಲೂ ಎಫ್12, ಆದರೆ ಕೆಲವು ಮಾಡೆಲ್‌ಗಳಲ್ಲಿ ಮೊದಲು ಎಫ್2 ಒತ್ತಿ ಬಯೋಸ್ ಒಳಗೆ ಹೋಗಿ ಆ ಎಫ್12 ಮೆನುವನ್ನು ಚಾಲೂ ಮಾಡಬೇಕಾಗುತ್ತದೆ. ಪಟ್ಟಿ ಬಂದಾಗ ಯುಎಸ್‌ಬಿ ಆರಿಸಿ. ವಿಂಡೋಸ್ ಲೋಗೋ ಬಂದುಬಿಟ್ಟರೆ ತಡವಾಯಿತು ಅಂತ ಅರ್ಥ, ಇನ್ನೊಮ್ಮೆ.

ಡೆಸ್ಕ್‌ಟಾಪ್ ಬಂದಮೇಲೆ ಏನು ನೋಡಬೇಕು? ವೈಫೈ ಸಿಗುತ್ತದೆಯೇ. ಧ್ವನಿ ಬರುತ್ತದೆಯೇ. ಪರದೆಯ ಬೆಳಕು ಏರಿಳಿಸುವ ಕೀಲಿ ಕೆಲಸ ಮಾಡುತ್ತದೆಯೇ. ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ. ಕ್ಯಾಮೆರಾ. ಮುಖ್ಯವಾಗಿ ಪ್ರಿಂಟರ್. ಅಂಗಡಿ ಅಂಗಡಿಯಲ್ಲೂ ಕಾಣುವ ಒಂದು ಪುಟ್ಟ ಲೇಸರ್ ಪ್ರಿಂಟರ್ ಇದೆ, ಹತ್ತು ಹದಿನೈದು ವರ್ಷವಾದರೂ ಸಾಯುವುದಿಲ್ಲ. ಲಿನಕ್ಸ್‌ನಲ್ಲಿ ಅದು ನನ್ನನ್ನು ಎರಡು ಸಂಜೆ ಕಾಡಿತು. ಪ್ರಿಂಟರ್ ಸಿಕ್ಕಿಸಿ ಒಂದು ಪುಟ ತೆಗೆದು ನೋಡದೆ ಮುಂದೆ ಹೋಗಬೇಡಿ. ಪೆಂಡ್ರೈವಿನಿಂದ ಓಡುವಾಗ ಎಲ್ಲ ನಿಧಾನ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇಲ್ಲಿ ಉಳಿಸಿದ್ದು ಆಫ್ ಮಾಡಿದ ಮೇಲೆ ಇರುವುದಿಲ್ಲ, ಅದೂ ಗೊತ್ತಿರಲಿ.

ವೈಫೈ ಸಿಗದಿದ್ದರೆ ಕೈಬಿಡಬೇಡಿ. ಕೆಲವು ಕಂಪನಿಗಳ ವೈಫೈ ಚಿಪ್ಪಿಗೆ ಡ್ರೈವರ್ ಬೇರೆ ಹಾಕಬೇಕು, ಅದನ್ನು ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಬೇಕು. ಕೋಳಿ ಮೊದಲೋ ಮೊಟ್ಟೆ ಮೊದಲೋ. ಬಿಡಿಸುವ ದಾರಿ ನಿಮ್ಮ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಚಾರ್ಜರ್ ವೈರಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಮಿಂಟ್ ಅದನ್ನು ತಂತಿ ಇಂಟರ್ನೆಟ್ ಅಂತಲೇ ನೋಡುತ್ತದೆ. ಫೋನು ಮನೆಯ ವೈಫೈನಲ್ಲಿದ್ದರೆ ಆ ವೈಫೈ ಡೇಟಾವೇ ಬರುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದದ್ದನ್ನು ಅದೇ ತೋರಿಸುತ್ತದೆ. ವೈರು ಚಾರ್ಜಿಂಗ್‌ಗೆ ಮಾತ್ರ ಆಗುವ ಅಗ್ಗದ್ದಾದರೆ ಆಗುವುದಿಲ್ಲ, ಇದರಲ್ಲೇ ನಾನು ಒಂದು ಮಧ್ಯಾಹ್ನ ಕಳೆದಿದ್ದೇನೆ.

ಇನ್‌ಸ್ಟಾಲ್

ಬ್ಯಾಟರಿ ಸತ್ತ ಲ್ಯಾಪ್‌ಟಾಪಾದರೆ ಯುಪಿಎಸ್‌ಗೆ ಸಿಕ್ಕಿಸಿ ಕೂತುಕೊಳ್ಳಿ. ಡಿಸ್ಕ್ ಬರೆಯುವಾಗ ಕರೆಂಟ್ ಹೋದರೆ ಹಳೆಯದೂ ಇಲ್ಲ ಹೊಸದೂ ಇಲ್ಲ.

ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಲಿನಕ್ಸ್ ಮಿಂಟ್ ಚಿತ್ರ ಒತ್ತಿ. ಮೊದಲು ಭಾಷೆ ಕೇಳುತ್ತದೆ, ಪಟ್ಟಿಯಲ್ಲಿ ಕನ್ನಡವೂ ಇದೆ. ಕನ್ನಡದಲ್ಲೇ ಕೆಲಸ ಮಾಡುವ ನಾನು ಇಲ್ಲಿ ಇಂಗ್ಲಿಷ್ ಆರಿಸುತ್ತೇನೆ, ಸ್ವಲ್ಪ ನಾಚಿಕೆಯಿಂದಲೇ. ಅನುವಾದ ಪೂರ್ತಿಯಾಗಿಲ್ಲ. ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಬರುತ್ತದೆ, ತೊಂದರೆ ಬಂದಾಗ ಹುಡುಕುವುದು ಕಷ್ಟ.

ಮುಂದಿನದು ಕೀಬೋರ್ಡ್ ವಿನ್ಯಾಸ. ಇಲ್ಲಿ ನಿಲ್ಲಿ. ಇಂಗ್ಲಿಷ್ ಯುಎಸ್ ಆರಿಸಿ. ಕನ್ನಡ ಬೇಡ, ಅದನ್ನು ಆಮೇಲೆ ಸೇರಿಸಿಕೊಳ್ಳೋಣ. ಇಂಗ್ಲಿಷ್ ಯುಕೆ ಕೂಡ ಬೇಡ. ನಮ್ಮ ಅಂಗಡಿಗಳಲ್ಲಿ ಸಿಗುವ ಕೀಬೋರ್ಡುಗಳೆಲ್ಲ ಯುಎಸ್ ಮಾದರಿಯವು. ಒಂದು ಸಲ ಕಣ್ತಪ್ಪಿ ಯುಕೆ ಒತ್ತಿದ್ದೆ. ಯುಕೆ ವಿನ್ಯಾಸದಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ ಅಟ್ ಚಿಹ್ನೆ ಬರುವುದಿಲ್ಲ, ಉದ್ಧರಣ ಚಿಹ್ನೆ ಬರುತ್ತದೆ. ನನ್ನ ಪಾಸ್‌ವರ್ಡಿನಲ್ಲಿ ಅಟ್ ಇತ್ತು. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಕಾಣುವುದು ಬರೀ ಚುಕ್ಕಿ ಅಲ್ವಾ, ಗೊತ್ತೇ ಆಗಲಿಲ್ಲ. ಮಾರನೇ ದಿನ ಇಮೇಲ್ ವಿಳಾಸ ಟೈಪ್ ಮಾಡುವಾಗ ತಪ್ಪು ಕಂಡಿತು, ಯುಎಸ್‌ಗೆ ಬದಲಿಸಿದೆ. ಅಪ್‌ಡೇಟ್ ಮಾಡಲು ಹೊರಟರೆ ಪಾಸ್‌ವರ್ಡ್ ತಪ್ಪು ಅಂದಿತು. ನಾನು ಇಟ್ಟ ಪಾಸ್‌ವರ್ಡ್ ನನಗೇ ಸುಳ್ಳಾಯಿತು. ಅರ್ಧ ಗಂಟೆ ಬೈದುಕೊಂಡ ಮೇಲೆ ಹೊಳೆಯಿತು: ಅಟ್ ಜಾಗದಲ್ಲಿ ಉದ್ಧರಣ ಚಿಹ್ನೆ ಹೊಡೆದೆ, ಬಾಗಿಲು ತೆರೆಯಿತು. ವಿನ್ಯಾಸ ಆರಿಸುವ ಪುಟದ ಕೆಳಗೇ ಟೈಪ್ ಮಾಡಿ ನೋಡುವ ಖಾಲಿ ಪೆಟ್ಟಿಗೆ ಇದೆ. ಅದರಲ್ಲಿ ಅಟ್ ಒಮ್ಮೆ ಒತ್ತಿ ನೋಡಿದರೆ ಇಷ್ಟು ಕಥೆ ಆಗುತ್ತಿರಲಿಲ್ಲ.

ಆಮೇಲೆ ಹಾಡು, ವಿಡಿಯೋ ಓಡಿಸಲು ಬೇಕಾದ ಮಲ್ಟಿಮೀಡಿಯಾ ಕೋಡೆಕ್ ಹಾಕಲೇ ಅಂತ ಕೇಳುತ್ತದೆ, ಟಿಕ್ ಹಾಕಿ. ಅದಾದ ಮೇಲೆ ದೊಡ್ಡ ಪ್ರಶ್ನೆ. ಡಿಸ್ಕ್ ಪೂರ್ತಿ ಅಳಿಸಿ ಹಾಕಲೋ, ವಿಂಡೋಸ್ ಪಕ್ಕದಲ್ಲಿ ಹಾಕಲೋ?

ಪಕ್ಕದಲ್ಲಿ ಹಾಕುವವರು ವಿಂಡೋಸ್‌ನಲ್ಲಿದ್ದಾಗಲೇ ಎರಡು ಕೆಲಸ ಮುಗಿಸಿರಬೇಕು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್ ಒಳಗೆ ಫಾಸ್ಟ್ ಸ್ಟಾರ್ಟಪ್ ಅಂತ ಇದೆ, ಅದನ್ನು ತೆಗೆಯಬೇಕು. ಅದು ಇದ್ದರೆ ವಿಂಡೋಸ್ ಆಫ್ ಆದಂತೆ ನಟಿಸಿ ಅರೆನಿದ್ದೆಯಲ್ಲಿರುತ್ತದೆ, ಡಿಸ್ಕಿನ ಹಿಡಿತ ಬಿಟ್ಟಿರುವುದಿಲ್ಲ. ಎರಡನೆಯದು ಬಿಟ್‌ಲಾಕರ್. ಡಿಸ್ಕಿಗೆ ಬೀಗ ಹಾಕಿದ್ದರೆ ಅದರ ರಿಕವರಿ ಕೀ, 48 ಅಂಕಿಯದ್ದು, ಕಾಗದದಲ್ಲಿ ಬರೆದುಕೊಂಡಿರಬೇಕು. ಪೂರ್ತಿ ಅಳಿಸುವವರಿಗೆ ಇದ್ಯಾವುದೂ ಬೇಡ. ಆದರೆ ಎಸ್‌ಎಸ್‌ಡಿ ಒಂದು, ಹಾರ್ಡ್‌ಡಿಸ್ಕ್ ಒಂದು ಅಂತ ಎರಡು ಇದ್ದರೆ ಯಾವುದನ್ನು ಅಳಿಸುತ್ತಿದೆ ಅಂತ ಗಾತ್ರ ನೋಡಿ ಖಚಿತ ಮಾಡಿಕೊಳ್ಳಿ. ಹೆಸರು ನಂಬಬೇಡಿ, ಜಿಬಿ ನಂಬಿ. ಇನ್‌ಸ್ಟಾಲ್ ನೌ ಒತ್ತಿ, ಅದು ಇನ್ನೊಮ್ಮೆ ಕೇಳಿದಾಗ ಮುಂದುವರಿಸಿ ಅನ್ನುವವರೆಗೂ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಅಲ್ಲಿಯವರೆಗೆ ಎದ್ದು ಹೋಗಿ ಚಾ ಕುಡಿದು ಬಂದು ಯೋಚನೆ ಮಾಡಬಹುದು.

ಊರು ಕೋಲ್ಕತ್ತಾ ಅಂತ ಬರುತ್ತದೆ, ಅದು ಸಮಯಕ್ಕೆ, ಸರಿಯೇ ಇದೆ. ಹೆಸರು, ಪಾಸ್‌ವರ್ಡ್ ಕೊಟ್ಟರೆ ನಿಮ್ಮ ಕೆಲಸ ಮುಗಿಯಿತು. ಎಸ್‌ಎಸ್‌ಡಿಯಲ್ಲಿ ನನಗೆ 15ರಿಂದ 20 ನಿಮಿಷ ಹಿಡಿಯುತ್ತದೆ. ಕೊನೆಗೆ ಪೆಂಡ್ರೈವ್ ತೆಗೆದು ಎಂಟರ್ ಒತ್ತಿ ಅನ್ನುತ್ತದೆ.

ಕನ್ನಡ ಕೂರಿಸುವುದು

ಮೊದಲು ಅಪ್‌ಡೇಟ್ ಮ್ಯಾನೇಜರ್ ತೆರೆದು ಬಂದದ್ದನ್ನೆಲ್ಲ ಹಾಕಿಕೊಳ್ಳಿ. ಮೊದಲ ಸಲ ಡೇಟಾ ತುಂಬಾ ತಿನ್ನುತ್ತದೆ. ಆಮೇಲೆ ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಮುಂದೆ ಏನಾದರೂ ಕೆಟ್ಟರೆ ಇವತ್ತಿನ ಸ್ಥಿತಿಗೆ ವಾಪಸ್ ಬರಬಹುದು.

ಫಾಂಟಿಗೆ ಸಿನಾಪ್ಟಿಕ್ ಪ್ಯಾಕೇಜ್ ಮ್ಯಾನೇಜರ್ ತೆರೆಯಿರಿ. ಹುಡುಕುವಲ್ಲಿ ಇಂಗ್ಲಿಷಿನಲ್ಲಿ ಫಾಂಟ್ಸ್, ಒಂದು ಅಡ್ಡಗೆರೆ, ಆಮೇಲೆ ಕೆ ಎನ್ ಡಿ ಎ ಅಂತ ಜಾಗ ಬಿಡದೆ ಹೊಡೆಯಿರಿ. ಆ ಒಂದು ಪೊಟ್ಟಣದಲ್ಲಿ ಲೋಹಿತ್, ಗುಬ್ಬಿ, ನವಿಲು ಮೂರೂ ಬರುತ್ತವೆ. ಬಂದಮೇಲೆ ಸೂರ್ಯ, ರಾಷ್ಟ್ರ, ಸ್ತ್ರೀ, ಕೀರ್ತಿ, ಜ್ಞಾನ ಇಷ್ಟು ಪದ ಬರೆದು ನೋಡಿ. ಒತ್ತಕ್ಷರ, ಅರ್ಕಾವತ್ತು ಕೆಡದೆ ಕೂತರೆ ಫಾಂಟ್ ಸರಿ ಇದೆ.

ಟೈಪಿಂಗ್‌ಗೆ ಅದೇ ಸಿನಾಪ್ಟಿಕ್‌ನಲ್ಲಿ ಐಬಸ್, ಅಡ್ಡಗೆರೆ, ಎಂ17ಎನ್ ಹುಡುಕಿ ಹಾಕಿ. ಆಮೇಲೆ ಮೆನುವಿನಲ್ಲಿ ಇನ್‌ಪುಟ್ ಮೆಥಡ್ ಅನ್ನುವುದನ್ನು ತೆರೆದು ಐಬಸ್ ಆರಿಸಿ. ಲಾಗೌಟ್ ಆಗಿ ಮತ್ತೆ ಬನ್ನಿ. ಈ ಲಾಗೌಟ್ ಬಿಟ್ಟು, "ಏನೂ ಆಗ್ತಾ ಇಲ್ಲ" ಅಂತ ಫೋನ್ ಮಾಡಿದವರು ನನಗೆ ಮೂರು ಜನ. ಬಂದಮೇಲೆ ಐಬಸ್ ಪ್ರಿಫರೆನ್ಸಸ್, ಅದರಲ್ಲಿ ಇನ್‌ಪುಟ್ ಮೆಥಡ್ ಹಾಳೆ, ಆ್ಯಡ್, ಕನ್ನಡ. ನಾಲ್ಕಾರು ಬಗೆ ತೋರಿಸುತ್ತದೆ. ನುಡಿಯಲ್ಲಿ ಕೈ ಕುದುರಿದವರು ಕೆಜಿಪಿ ಆರಿಸಿ. ಕನ್ನಡ ಗಣಕ ಪರಿಷತ್ತಿನ ಅದೇ ವಿನ್ಯಾಸ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿ. 'ಕನ್ನಡ' ಅಂತ ಬಂದರೆ ನಿಮ್ಮ ಬೆರಳುಗಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ಇಂಗ್ಲಿಷ್ ಉಚ್ಚಾರದಂತೆ ಬರೆಯುವವರಿಗೆ ಐಟ್ರಾನ್ಸ್ ಇದೆ, ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಇದೆ. ವಿಂಡೋಸ್ ಚಿತ್ರದ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಕನ್ನಡ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್.

ಲಿಬ್ರೆಆಫೀಸ್ ಮಿಂಟ್‌ನಲ್ಲಿ ಮೊದಲೇ ಇರುತ್ತದೆ. ಅದರಲ್ಲಿ ಒಂದು ಕೊಕ್ಕೆ. ಕನ್ನಡವನ್ನು ಅದು ಸಿಟಿಎಲ್, ಅಂದರೆ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನುವ ಬೇರೆ ಗುಂಪಿಗೆ ಸೇರಿಸಿದೆ. ಟೂಲ್ಸ್, ಆಪ್ಷನ್ಸ್, ಅದರಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಸಿಟಿಎಲ್ ಚಾಲೂ ಮಾಡಿ ಭಾಷೆ ಕನ್ನಡ ಇಡಿ. ಆಮೇಲೆ ರೈಟರ್ ವಿಭಾಗದ ಬೇಸಿಕ್ ಫಾಂಟ್ಸ್ ಸಿಟಿಎಲ್ ಅನ್ನುವಲ್ಲಿ ನಿಮಗೆ ಇಷ್ಟವಾದ ಕನ್ನಡ ಫಾಂಟ್ ಕೊಡಿ.

ಈಗ ಮೊದಲೇ ಎತ್ತಿಟ್ಟುಕೊಂಡ ಫಾಂಟಿನ ವಿಷಯ. ಹತ್ತು ವರ್ಷದ ಹಿಂದಿನ ನನ್ನ ಮದುವೆ ಕಾಗದಗಳೆಲ್ಲ ನುಡಿಯ ಹಳೇ ಫಾಂಟಿನವು, ಎಲ್ಲ ಕಂಪ್ಯೂಟರಿಗೂ ಒಂದೇ ರೀತಿ ಅರ್ಥವಾಗುವ ಯೂನಿಕೋಡ್ ಅಲ್ಲ. ಆ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳೇ, ಫಾಂಟು ಅವಕ್ಕೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇಲ್ಲದೆ ತೆರೆದರೆ ವೇಷ ಕಳಚಿದ ಚೌಕಿಮನೆ. ಕೊಂಬು, ಬಾಲ, ಟೋಪಿ ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ಫೈಲ್ ಹಾಳಾಯಿತು ಅಂತ ಅಳಿಸಬೇಡಿ. ಎತ್ತಿಟ್ಟ ನುಡಿ ಫಾಂಟಿನ ಮೇಲೆ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ, ಲಿಬ್ರೆಆಫೀಸ್ ಮುಚ್ಚಿ ತೆರೆಯಿರಿ, ವೇಷ ಮತ್ತೆ ಬರುತ್ತದೆ. ಇಂಥ ಬರಹಕ್ಕೆ ಸಿಟಿಎಲ್ ಲೆಕ್ಕವಿಲ್ಲ, ಲಿಬ್ರೆಆಫೀಸ್ ಅದನ್ನು ಇಂಗ್ಲಿಷ್ ಅಂತಲೇ ತಿಳಿಯುತ್ತದೆ. ಓದಲು, ಪ್ರಿಂಟ್ ತೆಗೆಯಲು ಇಷ್ಟು ಸಾಕು. ತಿದ್ದಬೇಕಾದರೆ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು, ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಮೂಲ ಫೈಲನ್ನು ಹಾಗೇ ಇಟ್ಟು ನಕಲಿನ ಮೇಲೆ ಮಾಡಿ. ಪರಿವರ್ತನೆ ಆದಮೇಲೆ ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿಟ್ಟು ನೋಡಿ. ಮುಹೂರ್ತದ ಗಂಟೆ ತಪ್ಪಾಗಿ ಅಚ್ಚಾದರೆ ಯಾರೂ ಕ್ಷಮಿಸುವುದಿಲ್ಲ.

ಬೇರೆ ತಂತ್ರಾಂಶ ಬೇಕಾದರೆ ವಿಂಡೋಸ್‌ನ ಅಭ್ಯಾಸದಲ್ಲಿ ವೆಬ್‌ಸೈಟ್‌ಗಳಿಂದ ಎಕ್ಸ್‌ಇ ಫೈಲ್ ಇಳಿಸಬೇಡಿ, ಅದು ಇಲ್ಲಿ ಓಡುವುದಿಲ್ಲ. ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಹೆಸರು ಹುಡುಕಿ ಇನ್‌ಸ್ಟಾಲ್ ಒತ್ತಿ, ಅಷ್ಟೇ. ಗಿಂಪ್, ಇಂಕ್‌ಸ್ಕೇಪ್, ವಿಎಲ್‌ಸಿ ಎಲ್ಲ ಅಲ್ಲೇ ಇವೆ. ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ ಇದೆ, ಅದಕ್ಕೆ ನಾನಿನ್ನೂ ಪೂರ್ತಿ ಒಗ್ಗಿಲ್ಲ. ಕೆಲವು ಹೆಸರುಗಳಿಗೆ ಸಿಸ್ಟಂ ಪ್ಯಾಕೇಜ್, ಫ್ಲಾಟ್‌ಪ್ಯಾಕ್ ಅಂತ ಎರಡು ಆಯ್ಕೆ ತೋರಿಸುತ್ತದೆ. ಫ್ಲಾಟ್‌ಪ್ಯಾಕ್‌ನಲ್ಲಿ ಹೊಸ ಆವೃತ್ತಿ ಸಿಗುತ್ತದೆ, ಆದರೆ ಮೊದಲ ಸಲ ಅದರ ಸಂಸಾರವನ್ನೆಲ್ಲ ಕರೆದುಕೊಂಡು ಬರುತ್ತದೆ. ಚಿಕ್ಕ ತಂತ್ರಾಂಶಕ್ಕೂ ನೂರಾರು ಎಂಬಿ ಇಳಿಯುತ್ತದೆ. ಡೇಟಾ ಕಮ್ಮಿ ಇದ್ದರೆ ಸಿಸ್ಟಂ ಪ್ಯಾಕೇಜ್ ಆರಿಸಿ.

ಎಲ್ಲ ಮುಗಿದ ಮೇಲೆ ಆ ಪೆಂಡ್ರೈವನ್ನು ಸಿನಿಮಾ ತುಂಬಿಸಲು ಬಳಸಬೇಡಿ. ಯಾವತ್ತಾದರೂ ಲ್ಯಾಪ್‌ಟಾಪ್ ಬೂಟ್ ಆಗದಿದ್ದರೆ ಅದರಿಂದಲೇ ಬೂಟ್ ಮಾಡಿ ಫೈಲುಗಳನ್ನು ಹೊರಗೆ ತೆಗೆಯಬಹುದು. ವಿಂಡೋಸ್ ಕೆಟ್ಟ ಯಂತ್ರಗಳಿಂದ ಕೂಡ, ಬಿಟ್‌ಲಾಕರ್ ಬೀಗ ಇಲ್ಲದಿದ್ದರೆ. ನನ್ನದಕ್ಕೆ ಒಂದು ಕೆಂಪು ದಾರ ಕಟ್ಟಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಕಪ್ಪು ಪೆಂಡ್ರೈವುಗಳ ಜೊತೆ ಮತ್ತೆ ಅದಲುಬದಲಾಗಬಾರದಲ್ಲ.